ಹಾಸ್ಯನಟ ಬಾಲಕೃಷ್ಣ

ಕಿವಿಯನ್ನೇ ನೆಚ್ಚಿದ ನಾವು ಈ ಸಂಜೆ ಕಿವಿ ಮಂದವಾಗಿದ್ದ ನಟರೊಬ್ಬರ ವಿಚಾರವಾಗಿ ಮಾತನಾಡುವೆವು. 1943ರ ‘ರಾಧಾರಮಣ’ ಮೊದಲ್ಗೊಂಡು ಟಿ. ಎನ್. ಬಾಲಕೃಷ್ಣರು ಐನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ಅಭಿನಯಿಸಿದರು. ಹಾಸ್ಯವೆಂಬುದು ಹೊತ್ತರಿತು ಆಡುವ ಮಾತು; ಅರೆಗಳಿಗೆ ತಡವಾದರೆ ನಗೆ ಸತ್ತಂತೆಯೆ. ಇದಿರಾಳಿನ ನುಡಿ ಸರಿಯಾಗಿ ಕೇಳಿಸದಿರಲು ಅವರು ತುಟಿಗಳ ಚಲನೆಯನ್ನೇ ಓದಿ ಮರುನುಡಿಯುತ್ತಿದ್ದರು. ಎಷ್ಟು ಎಚ್ಚರ ಬೇಕಾಗಿದ್ದೀತು! 1972ರ ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ಕಂಡವರು ಈ ಕೊರತೆಯನ್ನು ಊಹಿಸಲಾರರು.

ಕನ್ನಡ ಚಿತ್ರಗಳು ಮದರಾಸನ್ನೇ ಆಶ್ರಯಿಸಿದ್ದ ಕಾಲದಲ್ಲಿ ಅವರು ಬೆಂಗಳೂರಿನ ಹೊರವಲಯದಲ್ಲಿ, ಕೆಂಗೇರಿಯ ಬಳಿ, ‘ಅಭಿಮಾನ್ ಸ್ಟುಡಿಯೊ’ವನ್ನು ಕಟ್ಟಹೊರಟರು. ಗಳಿಕೆಯೆಲ್ಲ ಅದಕ್ಕೆ ಸಂದಿತು. ಸ್ಟುಡಿಯೊ ಮಾತ್ರ ನಿರೀಕ್ಷಿಸಿದಂತೆ ಏಳ್ಗೆಗೊಳ್ಳಲಿಲ್ಲ. 1995ರಲ್ಲಿ ಅವರು ಗತಿಸಿದರು. ಆ ನೆಲದ ಹೆಸರೆತ್ತಿದರೆ ಇಂದು ಬಹುಜನಕ್ಕೆ ನೆನಪಾಗುವವರು, 2009ರಲ್ಲಿ ಅಲ್ಲಿ ಅಂತ್ಯಸಂಸ್ಕಾರಗೊಂಡ ವಿಷ್ಣುವರ್ಧನರು.