ಹತ್ತುಮೀನಿನ ದಾರಿ
(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಪ್ರಾಣಿಶಾಸ್ತ್ರ ಓದಿ, ಹೊಳೆ ಮತ್ತು ಕೆರೆಗಳ ಜೀವಿಗಳ ಅಧ್ಯಯನವನ್ನೇ ವೃತ್ತಿ ಮಾಡಿಕೊಂಡವನು ನಾನು. "ಮೀನು ಹಿಡಿಯೋಕೆ ಅಷ್ಟೆಲ್ಲ ಓದಬೇಕೇನೋ?" ಎಂದು ಊರಿನವರು ಈಗಲೂ ನಗುತ್ತಾರೆ. ಹಿಡಿಯುವ ವಿದ್ಯೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮೀನು ಯಾಕೆ ಕಡಿಮೆಯಾಗುತ್ತಿದೆ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಒಂದು ಲೋಟ ಕೆರೆನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರೊಳಗೊಂದು ಊರೇ ಇರುತ್ತದೆ. ನೀರಿನಲ್ಲಿ ತೇಲುವ ಈ ಸಣ್ಣ ಜೀವಿಗಳಿಗೆ ಪ್ಲವಕ ಎಂದು ಹೆಸರು. ಸಸ್ಯಪ್ಲವಕ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಅದನ್ನು ತಿಂದು ಪ್ರಾಣಿಪ್ಲವಕ ಬದುಕುತ್ತದೆ. ಆಗಷ್ಟೇ ಹುಟ್ಟಿದ ಮೀನುಮರಿಗೆ ಈ ಪ್ಲವಕವೇ ತಾಯಿಹಾಲು.

ಕೆಲವೊಮ್ಮೆ ಬೆಳಗಾಗುವಷ್ಟರಲ್ಲಿ ಕೆರೆಯ ಮೀನೆಲ್ಲ ಸತ್ತು ತೇಲುತ್ತದೆ. ಯಾರೋ ವಿಷ ಹಾಕಿದರೆಂದು ಊರಿನಲ್ಲಿ ಜಗಳ ಏಳುತ್ತದೆ. ಎಷ್ಟೋ ಸಲ ವಿಷ ಹಾಕಿದವರು ಯಾರೂ ಇರುವುದಿಲ್ಲ. ಗದ್ದೆಯ ಗೊಬ್ಬರ, ಬಚ್ಚಲಿನ ನೀರು ಕೆರೆಗೆ ಸೇರಿ ಪಾಚಿ ಮಿತಿಮೀರಿ ಬೆಳೆದಿರುತ್ತದೆ. ಹಗಲಲ್ಲಿ ಅದು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಿ ಅದನ್ನು ಮುಗಿಸುತ್ತದೆ. 25 ಡಿಗ್ರಿ ಬೆಚ್ಚಗಿನ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. ಮೀನು ನೆಮ್ಮದಿಯಾಗಿರಲು 5 ಆದರೂ ಬೇಕು. ನಸುಕಿನಲ್ಲಿ ಅದೂ ಇಲ್ಲದಾಗ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ನೆರೆಯವನ ಮೇಲೆ ಅನುಮಾನ ಪಡುವ ಮೊದಲು ಕೆರೆಗೆ ಬೀಳುವ ಚರಂಡಿಯನ್ನು ನೋಡೋಣ.

ಇನ್ನು ಹತ್ತುಮೀನು. ಮುಂಗಾರಿನ ಹೊಸನೀರು ಇಳಿದಾಗ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುವುದು ಮೊಟ್ಟೆ ಇಡಲು. ಗದ್ದೆಯ ತೆಳುನೀರು ಬೇಗ ಬೆಚ್ಚಗಾಗುತ್ತದೆ, ಪ್ಲವಕ ಹುಲುಸಾಗಿ ಬೆಳೆಯುತ್ತದೆ, ದೊಡ್ಡ ಮೀನಿನ ಕಾಟ ಕಡಿಮೆ. ಮರಿಗಳಿಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಅದೇ ದಾರಿಯಲ್ಲಿ ನಾವು ಸಾಲಾಗಿ ಕೂಳಿ ಹೂಡುತ್ತೇವೆ, ಕತ್ತಿ ಹಿಡಿದು ಕಾಯುತ್ತೇವೆ. ಹತ್ತುಮೀನಿನ ಸಾರಿನ ರುಚಿ ನನಗೂ ಗೊತ್ತು, ಬಿಡಿ ಎಂದು ಹೇಳುವುದು ಸುಲಭವಲ್ಲ. ಆದರೆ ಬಸುರಿ ಮೀನು ಒಂದನ್ನು ಕಡಿದರೆ ಹೋಗುವುದು ಸಾವಿರಾರು ಮೊಟ್ಟೆ. ಮೇಲಾಗಿ ಈಗ ಹಳ್ಳಕ್ಕೆ ಅಡ್ಡಗಟ್ಟೆಗಳು ಬಂದಿವೆ, ಗದ್ದೆಗಳು ಅಡಿಕೆ ತೋಟಗಳಾಗಿವೆ. ಹತ್ತುವ ದಾರಿಯೇ ಕಿರಿದಾಗಿದೆ.

ಉಳಿಸುವುದು ನಮ್ಮವರಿಗೆ ಹೊಸದಲ್ಲ. ಶೃಂಗೇರಿಯ ತುಂಗಾ ತೀರದಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ಮೀನನ್ನು ದೇವರದೆಂದು ಬಿಟ್ಟಿದ್ದಾರೆ. ಬೇರೆಡೆ ಅಪರೂಪವಾದ ಮಹಶೀರ್ ಅಲ್ಲಿ ಕಾಲ ಬುಡಕ್ಕೇ ಬರುತ್ತದೆ.

ನನ್ನ ಬೇಡಿಕೆ ಎರಡೇ. ಹಿರಿಯರು ಸಭೆ ಸೇರಿ, ಮೊದಲ ಮಳೆಯ ಹದಿನೈದು ದಿನ ಒಂದೇ ಒಂದು ಹಳ್ಳದಲ್ಲಿ ಕೂಳಿ ಹಾಕದೆ ಬಿಡಲಿ. ಎರಡನೆಯದು ಮಕ್ಕಳಿಗೆ. 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಎಂಬ ವಿಜ್ಞಾನಿ ಬಿಳಿಯ ತಟ್ಟೆಯೊಂದನ್ನು ನೀರಿಗಿಳಿಸಿ ಅದು ಎಷ್ಟು ಆಳದವರೆಗೆ ಕಾಣುತ್ತದೆ ಎಂದು ಅಳೆದರು. ಇಂದಿಗೂ ಕೆರೆನೀರಿನ ತಿಳಿಯನ್ನು ಅಳೆಯುವುದು ಹಾಗೆಯೇ. 20 ಸೆಂಟಿಮೀಟರ್ ಅಗಲದ ತಟ್ಟೆ, ಕಪ್ಪು ಬಿಳಿ ಬಣ್ಣ, ಗುರುತು ಹಾಕಿದ ಹಗ್ಗ, ಒಂದು ತೂಕದ ಕಲ್ಲು ಸಾಕು. ತಿಂಗಳಿಗೊಮ್ಮೆ ನಿಮ್ಮ ಮೇಷ್ಟರ ಜೊತೆ ಹೋಗಿ ನಮ್ಮ ಕೆರೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡಿ. ತಟ್ಟೆ ಕಾಣುವ ಆಳ ವರ್ಷವರ್ಷವೂ ಕಡಿಮೆಯಾದರೆ ಕೆರೆ ಕೆಡುತ್ತಿದೆ ಎಂದು ಪಂಚಾಯಿತಿಗೆ ನೀವೇ ಲೆಕ್ಕ ಸಮೇತ ಹೇಳಬಹುದು.

ಮೊದಲ ತಟ್ಟೆಯನ್ನು ನಾನು ಮಾಡಿ ತಂದಿದ್ದೇನೆ. ಮುಖ್ಯೋಪಾಧ್ಯಾಯರು ದಯವಿಟ್ಟು ಸ್ವೀಕರಿಸಬೇಕು.