ತಿಂಡಿ ಇಟ್ಟರೂ ಮಕ್ಕಳು ಯಾಕೆ ಬರಲ್ಲ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಹಸಿದವನಿಗೆ ಅನ್ನ ಇಟ್ಟರೆ ತಾನಾಗೇ ಬಂದು ತಿಂತಾನೆ ಅನ್ನೋದು ಹೊಟ್ಟೆ ತುಂಬಿದವರ ಮಾತು. ಹಸಿವಿನ ಬಗ್ಗೆ ಅವರಿಗೆ ಗೊತ್ತಿರುವುದು ಅಷ್ಟೆ. ಅನ್ನ ಇಟ್ಟ ಜಾಗ ಯಾವುದು, ಇಟ್ಟ ಹೊತ್ತು ಯಾವುದು, ಬಡಿಸುವವರ ಮುಖ ಹೇಗಿದೆ, ತಿನ್ನುವಾಗ ಯಾರು ನೋಡ್ತಾ ಇರ್ತಾರೆ, ಇಷ್ಟನ್ನೂ ನೋಡಿಕೊಂಡೇ ಬಡವರ ಮನೆ ಮಗು ತಟ್ಟೆಗೆ ಕೈ ಹಾಕೋದು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವತ್ತು ನಾವು ಮಾತಾಡಬೇಕಾದದ್ದು ಶಾಲೆಯಲ್ಲಿ ಕೊಡುವ ಬೆಳಗಿನ ತಿಂಡಿಯ ವಿಚಾರ. ಅದಕ್ಕೆ ಮೊದಲು ಅಮೆರಿಕಕ್ಕೆ ಹೋಗಿ ಬರಬೇಕಾಗುತ್ತದೆ. ಪುಕ್ಕಟೆ ತಿಂಡಿ ಇಟ್ಟರೂ ಮಕ್ಕಳು ಯಾಕೆ ಬರಲ್ಲ ಅನ್ನುವ ಪ್ರಶ್ನೆ ಅಲ್ಲಿ ಬಹಳ ಹಳೆಯದು.

ಅಮೆರಿಕ ಅಂದರೆ ಸಿರಿವಂತರ ದೇಶ ಅಂತ ನಮ್ಮಲ್ಲಿ ಅಂದುಕೊಂಡಿರ್ತಾರೆ. ಅಲ್ಲೂ ಬರಿ ಹೊಟ್ಟೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. 1966ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾಯಿದೆಯಿಂದ ಅಲ್ಲಿ ಸರ್ಕಾರದ ಬೆಳಗಿನ ತಿಂಡಿ ಯೋಜನೆ ಹುಟ್ಟಿತು. ಎರಡು ವರ್ಷದ ಪ್ರಯೋಗ ಅಂತ ಶುರುವಾದದ್ದು ಕಾಯಂ ಆಗಲು 1975 ಬರಬೇಕಾಯಿತು.

ಸರ್ಕಾರ ಹೀಗೆ ಯೋಚನೆ ಮಾಡುತ್ತಾ ಕೂತಿದ್ದಾಗ, 1969ರ ಜನವರಿಯಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ ಸೇಂಟ್ ಅಗಸ್ಟೀನ್ ಚರ್ಚಿನೊಳಗೆ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿಯವರು ಒಲೆ ಹಚ್ಚಿದರು. ಮೂರು ವರ್ಷದ ನಂತರ, 1972ರಲ್ಲಿ, ಬೊಂಬಾಯಿಯಲ್ಲಿ ನಾಮದೇವ ಢಸಾಳ್, ರಾಜಾ ಢಾಲೆ, ಜೆ.ವಿ. ಪವಾರ್ ಮುಂತಾದವರು ದಲಿತ ಪ್ಯಾಂಥರ್ ಕಟ್ಟಿದಾಗ ಹೆಸರು ತಂದದ್ದು ಇವರಿಂದಲೇ. ಪ್ಯಾಂಥರ್ ಅಂದ ಕೂಡಲೆ ಪತ್ರಿಕೆಗಳು ತೋರಿಸುವುದು ಕರಿ ಟೋಪಿ, ಕರಿ ಜಾಕೆಟ್, ಕೈಯಲ್ಲಿ ಬಂದೂಕು. ಒಲೆ ಮುಂದೆ ಮೊಟ್ಟೆ ಬೇಯಿಸುತ್ತಾ ನಿಂತ ಪ್ಯಾಂಥರನ ಚಿತ್ರ ನಮ್ಮವರಲ್ಲಿ ಎಷ್ಟು ಜನ ನೋಡಿದ್ದೀವಿ? ಅವರು ಬೀದಿಯ ಅಂಗಡಿಗಳಿಂದ ಸಾಮಾನು ಎತ್ತಿದರು. ಮಗುವಿಗೆ ಏನು ಕೊಟ್ಟರೆ ಪುಷ್ಟಿ ಅಂತ ತಿಳಿದವರನ್ನು ಕೇಳಿದರು. ಬೆಳಗಿನ ಜಾವಕ್ಕೆ ಎದ್ದು ಅಡುಗೆ ಮಾಡಿದರು. ಮೊದಲ ದಿನ ಬಂದ ಮಕ್ಕಳು 11. ವಾರ ತುಂಬುವುದರೊಳಗೆ 135.

ನಿಮ್ಮಪ್ಪನ ಆದಾಯ ಎಷ್ಟು ಅಂತ ಅಲ್ಲಿ ಯಾರೂ ಕೇಳಲಿಲ್ಲ. ಬಡಿಸಿದವರು ಅದೇ ಕೇರಿಯ ಅಣ್ಣಂದಿರು, ಅಕ್ಕಂದಿರು. ಈ ತಿಂಡಿ ಊರಿಂದ ಊರಿಗೆ ಹಬ್ಬಿತು, ಸಾವಿರಾರು ಮಕ್ಕಳು ತಿಂದರು. ಆಗ ಎಫ್.ಬಿ.ಐ. ಮುಖ್ಯಸ್ಥನಾಗಿದ್ದ ಎಡ್ಗರ್ ಹೂವರ್ 1969ರ ಮೇ ತಿಂಗಳಲ್ಲಿ ತನ್ನ ಕಚೇರಿಗಳಿಗೆ ಬರೆದ ಕಾಗದ ನೋಡಿ: ಪ್ಯಾಂಥರರ ಕೆಲಸಗಳಲ್ಲೆಲ್ಲಾ ಅತಿ ಹೆಚ್ಚು ಪ್ರಭಾವ ಬೀರುತ್ತಿರುವುದು ಈ ತಿಂಡಿ, ಅವರನ್ನು ಅಡಗಿಸುವ ನಮ್ಮ ಪ್ರಯತ್ನಕ್ಕೆ ಇದೇ ದೊಡ್ಡ ಅಪಾಯ ಅನ್ನುವ ಅರ್ಥದಲ್ಲಿ ಬರೆದ. ಬಂದೂಕಲ್ಲ ಕಣ್ರಪ್ಪ, ಮೊಟ್ಟೆ!

ಸರ್ಕಾರದ ಯೋಜನೆಯೂ ಆಮೇಲೆ ಬೆಳೆಯಿತು. ದುಡ್ಡು ಬಂತು, ಅಡುಗೆಮನೆ ಬಂತು. ಮಕ್ಕಳು ಬಂದರೇ? 2018-19ರ ಲೆಕ್ಕದಲ್ಲೂ ಶಾಲೆಯ ಮಧ್ಯಾಹ್ನದೂಟ ತಿನ್ನುವ ಬಡ ಮಕ್ಕಳು 100 ಇದ್ದರೆ ಬೆಳಗಿನ ತಿಂಡಿ ತಿಂದವರು 57ರ ಆಸುಪಾಸು. ಅದೇ ಮಗು, ಅದೇ ಹೊಟ್ಟೆ, ಅದೇ ಕಟ್ಟಡ. ಮಧ್ಯಾಹ್ನ ಬರುತ್ತೆ, ಬೆಳಿಗ್ಗೆ ಬರಲ್ಲ.

ಯಾಕೆಂದರೆ ತಿಂಡಿ ಕೊಡುತ್ತಿದ್ದುದು ಶಾಲೆಯ ಗಂಟೆ ಹೊಡೆಯುವುದಕ್ಕೆ ಮುಂಚೆ. ಬಸ್ಸು ತಡವಾದರೆ ತಿಂಡಿ ಇಲ್ಲ. ಅವ್ವ ರಾತ್ರಿ ಪಾಳಿಯಲ್ಲಿದ್ದರೆ ತಂಗಿಯನ್ನು ಎಬ್ಬಿಸಿ, ಮುಖ ತೊಳೆಸಿ, ಕೈ ಹಿಡಿದು ತರಬೇಕಾದವನು ಅಣ್ಣ. ಅವನಿಗೂ ಹತ್ತು ವರ್ಷ. ಅರ್ಧ ಗಂಟೆ ಮುಂಚೆ ಬಾ ಅಂದರೆ ಎಲ್ಲಿಂದ ಬಂದಾನು? ಇದರ ಜೊತೆಗೆ ಅರ್ಜಿ. ಸಂಸಾರದ ಆದಾಯ ಬಡತನ ರೇಖೆಯ ಶೇಕಡ 130ರೊಳಗಿದ್ದರೆ ಪುಕ್ಕಟೆ, 185ರೊಳಗಿದ್ದರೆ ರಿಯಾಯಿತಿ ದರ. ಕಾಗದ ತುಂಬಲು ಬಾರದವರು, ಸರ್ಕಾರಿ ಕಾಗದ ಅಂದರೆ ಹೆದರುವವರು ಹೊರಗೇ ಉಳಿದರು.

ಇವೆರಡಕ್ಕಿಂತ ಕೆಟ್ಟದ್ದು ನಾಚಿಕೆ. ಮಧ್ಯಾಹ್ನವಾದರೆ ಎಲ್ಲ ಮಕ್ಕಳೂ ಊಟದ ಕೋಣೆಗೆ ಹೋಗ್ತಾರೆ. ಬೆಳಿಗ್ಗೆ ಅನುಕೂಲಸ್ಥರ ಮಕ್ಕಳು ಮನೆಯಲ್ಲೇ ತಿಂದು ಬಂದು ಮೈದಾನದಲ್ಲಿ ಆಡ್ತಾ ಇರ್ತಾರೆ. ಆಗ ಆ ಕೋಣೆಯ ಬಾಗಿಲು ದಾಟುವವನು ಯಾರು ಅಂತ ಮೈದಾನಕ್ಕೆಲ್ಲಾ ಗೊತ್ತು. ಬಡ ಮಗುವನ್ನು ಬೇರೆಯಾಗಿ ಗುರುತಿಸಬಾರದು ಅಂತ 1970ರಲ್ಲೇ ಅಲ್ಲಿ ಕಾನೂನಾಗಿದೆ. ಚೀಟಿಯ ಮೇಲೆ ಗುರುತು ಹೋಯಿತು, ಬಾಗಿಲೇ ಗುರುತಾಯಿತು. ಕ್ರೂರತನಕ್ಕೆ ಕೊನೆ ಇಲ್ಲ ನೋಡಿ, ಊಟದ ಬಾಕಿ ಉಳಿಸಿಕೊಂಡ ಮಕ್ಕಳ ಮುಂದಿನಿಂದ ಬಿಸಿಯೂಟ ಕಿತ್ತುಕೊಂಡು ತಣ್ಣಗಿನ ಸ್ಯಾಂಡ್‌ವಿಚ್ ಕೊಟ್ಟ, ಕೈ ಮೇಲೆ ಮುದ್ರೆ ಒತ್ತಿ ಮನೆಗೆ ಕಳಿಸಿದ ಶಾಲೆಗಳೂ ಇದ್ದವು. 2017ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯ ಇದನ್ನು ಕಾನೂನು ಮಾಡಿ ನಿಲ್ಲಿಸಬೇಕಾಯಿತು.

ಈ ಬಾಗಿಲು ನಮಗೆ ಹೊಸದೇನಲ್ಲ. ತುಂಬಿದ ಕ್ಲಾಸಿಗೆ ಬಂದು "ಎಸ್ಸಿ ಎಸ್ಟಿ ಹುಡುಗರು ಎದ್ದು ನಿಲ್ರೋ, ಸ್ಕಾಲರ್‌ಶಿಪ್ ಫಾರಂ ಬಂದಿದೆ" ಅಂತ ಕೂಗಿದಾಗ ನಮ್ಮಲ್ಲಿ ಎಷ್ಟು ಜನಕ್ಕೆ ಕಾಲು ಏಳಲಿಲ್ಲ? ಬೆಂಚಿನಲ್ಲೇ ಕೂತೆವು, ಫಾರಂ ಹೋಯಿತು, ದುಡ್ಡೂ ಹೋಯಿತು. ಆಮೇಲೆ ಆಫೀಸಿನಲ್ಲಿ ಆಡಿಕೊಂಡದ್ದು ಏನು? "ಇವರಿಗೆ ಕೊಟ್ಟರೂ ತಗೊಳ್ಳೋಕೆ ಬರಲ್ಲ." ಅಮೆರಿಕದ ಅಧಿಕಾರಿ ಖಾಲಿ ಊಟದ ಕೋಣೆ ನೋಡಿ ಮಕ್ಕಳಿಗೆ ಹಸಿವೇ ಇಲ್ಲ ಅಂತ ಬರೆದುಕೊಂಡರೆ ಅದೂ ಇದೇ ಜಾತಿಯ ಮಾತು.

ಹಾಗಾದರೆ ಮಕ್ಕಳು ಹೆಚ್ಚಿದ್ದು ಹೇಗೆ? ತಿಂಡಿಯನ್ನು ಗಂಟೆಯ ಈಚೆಗೆ ತಂದ ಕಡೆ ಹೆಚ್ಚಿದರು. ಊಟದ ಕೋಣೆಯಿಂದ ತರಗತಿಗೇ ತಂದರು. ಹಾಜರಿ ಕೂಗುವ ಹತ್ತು ಹದಿನೈದು ನಿಮಿಷದಲ್ಲಿ ಎಲ್ಲರೂ ತಂತಮ್ಮ ಜಾಗದಲ್ಲೇ ತಿಂತಾರೆ, ಶ್ರೀಮಂತನ ಮಗನೂ ತಿಂತಾನೆ. ದೊಡ್ಡ ಮಕ್ಕಳ ಶಾಲೆಗಳಲ್ಲಿ ಬಾಗಿಲ ಹತ್ತಿರ ಗಾಡಿ ನಿಲ್ಲಿಸಿ ಪೊಟ್ಟಣ ಕೊಟ್ಟರು. 2013ರಲ್ಲಿ ಕೊಲರಾಡೊ ರಾಜ್ಯ ಬಡ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ಗಂಟೆ ಹೊಡೆದ ಮೇಲೆಯೇ ತಿಂಡಿ ಕೊಡಬೇಕು ಅಂತ ಕಾನೂನು ಮಾಡಿತು. ನ್ಯೂಯಾರ್ಕ್ ನಗರದ ಉದಾಹರಣೆಯನ್ನು ನಾವು ಚೆನ್ನಾಗಿ ನೆನಪಿಡಬೇಕು. 2003ರಲ್ಲೇ ಆ ನಗರ ಎಲ್ಲ ಮಕ್ಕಳಿಗೂ ಬೆಳಗಿನ ತಿಂಡಿ ಪುಕ್ಕಟೆ ಮಾಡಿತು. ಆದರೂ ಬರುವ ಮಕ್ಕಳು ಕಡಿಮೆಯೇ. ಕೊನೆಗೆ 2015ರಲ್ಲಿ ಪ್ರಾಥಮಿಕ ಶಾಲೆಗಳ ತರಗತಿಗೇ ತಿಂಡಿ ತರಲು ಹೊರಟಿತು. ಬೆಲೆ ತೆಗೆದರೆ ಸಾಲದು, ಬಾಗಿಲನ್ನೂ ತೆಗೆಯಬೇಕು.

ಅರ್ಜಿಗೂ ದಾರಿ ಸಿಕ್ಕಿತು. 2010ರ ಕಾಯಿದೆಯ ಪ್ರಕಾರ, ಸರ್ಕಾರದ ಬಡವರ ಪಟ್ಟಿಗಳಲ್ಲಿ ಆಗಲೇ ಹೆಸರಿರುವ ಮಕ್ಕಳು ಶೇಕಡ 40 ಇದ್ದರೆ ಆ ಶಾಲೆ ಯಾರಿಂದಲೂ ಅರ್ಜಿ ಕೇಳದೆ ಎಲ್ಲರಿಗೂ ಉಣಿಸಬಹುದು. 2023ರಲ್ಲಿ ಆ 40ನ್ನು 25ಕ್ಕೆ ಇಳಿಸಿದರು. ತರಗತಿಯಲ್ಲಿ ತಿಂದರೆ ಪಾಠದ ಹೊತ್ತು ಹಾಳು, ಕಸ ಬೀಳುತ್ತೆ, ಇರುವೆ ಬರುತ್ತೆ ಅಂತ ತಕರಾರು ಎದ್ದೇ ಎದ್ದಿತು. ಇರುವೆಯ ಮಾತು ಬಿಡಿ. ಕಸ ಗುಡಿಸುವವರು ಯಾರು, ಅವರಿಗೆ ಹೆಚ್ಚಿನ ಕೂಲಿ ಉಂಟೋ ಇಲ್ಲವೋ ಅನ್ನುವುದನ್ನು ಮಾತ್ರ ನಾವು ಕೇಳಲೇಬೇಕು. ನಮ್ಮ ದೇಶದಲ್ಲಿ ಪೊರಕೆ ಯಾರ ಕೈಗೆ ಬರುತ್ತೆ ಅಂತ ಗೊತ್ತಲ್ಲ.

ಈಗ ಈ ಕಡೆ ಬರೋಣ. ಪಕ್ಕದ ತಮಿಳುನಾಡು 2022ರ ಸೆಪ್ಟೆಂಬರ್ 15ರಂದು ಮದುರೆಯಲ್ಲಿ ಬೆಳಗಿನ ತಿಂಡಿ ಯೋಜನೆ ಆರಂಭಿಸಿತು. 2023ರ ಆಗಸ್ಟ್ 25ರಂದು ಅದನ್ನು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲಾ ಹರಡಿತು. ಉಪ್ಪಿಟ್ಟು, ಪೊಂಗಲ್, ಕಿಚಡಿ. ಶಾಲೆಯ ಎಲ್ಲ ಮಕ್ಕಳಿಗೂ, ಅರ್ಜಿ ಇಲ್ಲದೆ. ಒಳ್ಳೆಯದೇ ಆಯಿತು. ಆದರೆ ಮರುತಿಂಗಳೇ ತೂತ್ತುಕುಡಿ ಜಿಲ್ಲೆಯ ಒಂದು ಶಾಲೆಯಲ್ಲಿ ತಟ್ಟೆಗಳು ಖಾಲಿ ಉಳಿದವು. ಅಡುಗೆ ಮಾಡಿದಾಕೆ ದಲಿತ ಹೆಂಗಸು. ಸಂಸದೆ ಕನಿಮೊಳಿ ಹೋಗಿ ಮಕ್ಕಳ ಜೊತೆ ಕೂತು ಅದೇ ತಿಂಡಿ ತಿನ್ನಬೇಕಾಯಿತು. ಅಮೆರಿಕದಲ್ಲಿ ಗುರುತು ತಿನ್ನುವವನ ಮೇಲೆ, ಇಲ್ಲಿ ಬೇಯಿಸುವ ಕೈ ಮೇಲೂ. ಬಿಸಿಯೂಟದ ಅಡುಗೆ ಕೆಲಸಕ್ಕೆ ದಲಿತರಿಗೆ ಆದ್ಯತೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲೇ ಹೇಳಿದೆ. ಈ ಆದೇಶ ನಮ್ಮೂರಿನ ಅಡುಗೆ ಕೋಣೆಗೆ ಬಂದಿದೆಯೇ?

ನಮ್ಮ ರಾಜ್ಯದಲ್ಲಿ 2002ರಲ್ಲಿ ಬಿಸಿಯೂಟ ಶುರುವಾಯಿತು, 2013ರಲ್ಲಿ ಹಾಲು ಬಂತು, 2024ರಲ್ಲಿ ರಾಗಿ ಮಾಲ್ಟು ಬಂತು. ಬೇಡ ಅನ್ನುವುದಿಲ್ಲ. ಆದರೆ ಒಂದು ಲೋಟ ಕುಡಿದದ್ದು ಒಂದು ತಟ್ಟೆ ತಿಂದ ಹಾಗಾಗಲ್ಲ. ಕೂಲಿಗೆ ಹೋಗುವ ಅವ್ವ ಹೊತ್ತು ಮೂಡುವ ಮುಂಚೆ ಹೊರಟಿರ್ತಾಳೆ. ರಾತ್ರಿಯ ಮುದ್ದೆ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಶನಿವಾರದ ಬೆಳಗಿನ ಶಾಲೆಗೆ ಯಾವ ಮಗು ಏನು ತಿಂದು ಬಂದಿರುತ್ತೆ ಅಂತ ನೀವೇ ಹೋಗಿ ನೋಡಿ.

ನೋಡಿ ಅಂದದ್ದು ಬಾಯಿ ಮಾತಿಗಲ್ಲ. ರಜೆಗೋ ಹಬ್ಬಕ್ಕೋ ಊರಿಗೆ ಹೋದಾಗ ಒಂದು ಶನಿವಾರ ಶಾಲೆಯ ಹತ್ತಿರ ನಿಲ್ಲಿ. ತಿಂದು ಬಂದವರೆಷ್ಟು, ಬರಿ ಹೊಟ್ಟೆಯವರೆಷ್ಟು ಬರೆದುಕೊಳ್ಳಿ. ಆದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳಬೇಡಿ, ಯಾರೂ ನಿಜ ಹೇಳಲ್ಲ. ದಾರಿಯಲ್ಲಿ ಜೊತೆಯಲ್ಲಿ ನಡೆಯುತ್ತಾ ಕೇಳಿ. ಆ ಲೆಕ್ಕವನ್ನಿಟ್ಟುಕೊಂಡು ಎಸ್.ಡಿ.ಎಂ.ಸಿ.ಗೂ ಪಂಚಾಯ್ತಿಗೂ ಅರ್ಜಿ ಬರೆಯೋಣ. ತಿಂಡಿ ಗಂಟೆ ಹೊಡೆದ ಮೇಲೆ ಬೇಕು, ಶಾಲೆಯ ಎಲ್ಲ ಮಕ್ಕಳಿಗೂ ಒಟ್ಟಿಗೆ ಬೇಕು, ಯಾರ ಕೈಯಲ್ಲೂ ಆದಾಯದ ಕಾಗದ ಕೇಳಬಾರದು, ನಮ್ಮ ಹೆಣ್ಣುಮಕ್ಕಳಿಗೆ ಅಡುಗೆ ಕೆಲಸ ಬೇಕು, ಬೆಳಗಿನ ಜಾವ ಎದ್ದು ಬರುವುದಕ್ಕೆ ಗೌರವಧನವಲ್ಲ, ಕೂಲಿ ಬೇಕು. ಅರ್ಜಿಯ ಒಂದು ಪ್ರತಿ, ಲೆಕ್ಕದ ಒಂದು ಪ್ರತಿ ಮುಂದಿನ ತಿಂಗಳ ಸಭೆಗೆ ತನ್ನಿ. ಊರಿನ ಹೆಸರು, ಶಾಲೆಯ ಹೆಸರು ಬರೆದರೆ ಸಾಕು. ಮಕ್ಕಳ ಹೆಸರು ಬೇಡ.