ಮೊದಲ ದಿನ ಯಾವ ಭಾಷೆಯಲ್ಲಿ?



ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾಯಿತು. ರಂಗಕರ್ಮಿಯೂ ಆಗಿದ್ದ ನ. ರತ್ನ ಮತ್ತು ಅವರ ಸಹೋದ್ಯೋಗಿಗಳ ಕನ್ನಡ ಉಚ್ಚಾರಣಾ ಪರೀಕ್ಷೆ 1972ರಲ್ಲೇ ಬಂತು. ಸಲಕರಣೆಗಳು ನಮಗೆ ಸಿಕ್ಕವು. ಸಿಕ್ಕ ಮೇಲೆ ಮಗುವಿನ ಮೊದಲ ಭೇಟಿಯನ್ನೇ ಪರೀಕ್ಷೆಯ ಕೊಠಡಿ ಮಾಡಿಬಿಟ್ಟೆವು. ನಮ್ಮ ವಾಕ್ ಚಿಕಿತ್ಸಾ ಶಾಸ್ತ್ರ ದಾರಿ ತಪ್ಪಿದ್ದು ಅಲ್ಲಿ ಎಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ.

ಹೊಳಲ್ಕೆರೆ ಕಡೆಯ ತಾಂಡಾದ ಮೂರು ವರ್ಷದ ಹುಡುಗನೊಬ್ಬನನ್ನು ನೆನೆಯುತ್ತೇನೆ. ಅವನೆದುರು ಹಸು, ಬಸ್ಸು, ಕೊಡೆಯ ಚಿತ್ರ ಹಿಡಿದು 'ಇದೇನು?' ಎಂದು ಕೇಳಿದರು. ಅವನು ಅಜ್ಜಿಯ ಸೆರಗು ಬಿಡಲಿಲ್ಲ. ವರದಿಯಲ್ಲಿ 'ಮಾತಿಲ್ಲ' ಎಂದು ಬರೆಯುವಷ್ಟರಲ್ಲಿ ಅಜ್ಜಿ ಲಂಬಾಣಿಯಲ್ಲಿ ಏನೋ ಅಂದಳು. ಹುಡುಗ ಬಾಗಿಲಾಚೆ ಹೋಗಿ ಅವಳ ಚೀಲ ತಂದಿಟ್ಟು, ಅದೇ ಭಾಷೆಯಲ್ಲಿ ಎರಡು ಮಾತು ಜೋಡಿಸಿ ಆಡಿದ.

ಹಾಗಾದರೆ ಮೊದಲ ಮೌಲ್ಯಮಾಪನ ಯಾವ ಭಾಷೆಯಲ್ಲಿ ನಡೆಯಬೇಕು? ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಚಳ್ಳಕೆರೆ ಕಡೆ ತೆಲುಗು, ಪೇಟೆಯಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ. ಅಂಗನವಾಡಿಗೆ ಬಂದರೆ ಕನ್ನಡ. ಕನ್ನಡದ ಮನೆಯಲ್ಲೂ 'ಹಾಲು' ಎನ್ನುವುದು 'ಆಲು' ಆಗುವುದುಂಟು. ಅಜ್ಜಿಯೇ ಹಾಗೆ ಅನ್ನುವಾಗ ಮೊಮ್ಮಗನದನ್ನು ದೋಷವೆಂದು ಬರೆದುಕೊಳ್ಳುವುದೇ? ಅವನಿಗೆ ಹಕಾರ ಬರುವುದೇ ಇಲ್ಲವೋ, ಮನೆಯ ಮಾತೇ ಹಾಗೋ ಎಂದು ಒಂದೇ ಭೇಟಿಯಲ್ಲಿ ತಿಳಿಯುವುದು ಹೇಗೆ? ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ವಾಕ್ ಚಿಕಿತ್ಸಕರೂ ಅಂಗನವಾಡಿ ಕಾರ್ಯಕರ್ತೆಯರೂ ಚಿತ್ರದುರ್ಗದಲ್ಲಿ ಸೇರಿರುವ ಈ ಸಂಕಿರಣ ಇದನ್ನೇ ಹಿಡಿದು ಕೂರಲಿ ಎಂಬುದು ನನ್ನ ಆಶಯ.

ಉತ್ತರ ಸಿಗುವ ತನಕ ತಾಯಂದಿರಿಗೆ ಮೊದಲ ಮೌಲ್ಯಮಾಪನದ ದಿನ ಏನಾಗುತ್ತದೆಂದು ಮೊದಲೇ ಹೇಳೋಣ. ಹೆರಿಗೆಯ ಹೊತ್ತಿಗೆ ಮಗು ಅತ್ತಿತೇ, ಜ್ವರ ಬಂದು ಮೂರ್ಛೆ ಹೋಗಿತ್ತೇ, ನಡೆಯತೊಡಗಿದ್ದು ಯಾವಾಗ ಎಂದು ಕೇಳುತ್ತಾರೆ. ತಾಯಿ ಕಾರ್ಡು ಜೊತೆಗಿರಲಿ. ಕಿವಿಯ ಪರೀಕ್ಷೆ ಆಗಲೇಬೇಕು, ಏಕೆಂದರೆ ಕೇಳದ ಮಗು ಮಾತು ಕಲಿಯುವುದು ಕಷ್ಟ. ತುಟಿ, ನಾಲಿಗೆ, ಅಂಗುಳ ನೋಡುತ್ತಾರೆ. ಮಗುವಿನ ಜೊತೆ ಆಡುತ್ತಾರೆ. ಅದು ಹೇಳಿದ್ದನ್ನು ಎಷ್ಟು ತಿಳಿಯುತ್ತದೆ, ಬೇಕಾದ್ದನ್ನು ಹೇಗೆ ಕೇಳುತ್ತದೆ ಎಂದು ಗಮನಿಸುತ್ತಾರೆ. ಸೂಜಿ ಇಲ್ಲ, ನೋವಿಲ್ಲ. 'ಮಾತಾಡೋ, ಮಾತಾಡೋ' ಎಂದು ಗದರುವುದು ಬೇಡ. ಒಂದೇ ದಿನದಲ್ಲಿ ಎಲ್ಲವೂ ತೀರ್ಮಾನವಾಗದಿದ್ದರೆ ಗಾಬರಿಯೂ ಬೇಡ.

'ಅವರಪ್ಪನೂ ತಡವಾಗಿಯೇ ಮಾತಾಡಿದ್ದು' ಎನ್ನುತ್ತ, ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತ ಕಾಯುವ ಮನೆಗಳು ಇನ್ನೂ ಇವೆ. ಅಂಗನವಾಡಿ ಕಾರ್ಯಕರ್ತೆಯರೇ, ಎರಡು ವರ್ಷ ತುಂಬಿಯೂ ಎರಡು ಪದ ಜೋಡಿಸದ ಮಗು ಕಂಡರೆ ಕಾಯಬೇಡಿ, ಕಳಿಸಿಕೊಡಿ. ಅದರೊಡನೆ ದಿನವಿಡೀ ಮಾತಾಡುವ ಅಜ್ಜಿಯನ್ನೂ ಕಳಿಸಿ. ಚಿಕಿತ್ಸಕ ಮಿತ್ರರೇ, ಮನೆಯಲ್ಲಿ ಯಾರು ಯಾವ ಭಾಷೆ ಆಡುತ್ತಾರೆ ಎಂಬುದನ್ನು ವರದಿಯ ಮೊದಲ ಸಾಲಿನಲ್ಲಿ ಬರೆಯಿರಿ; ಚಿತ್ರಪಟ ಆಮೇಲೆ ತೆಗೆಯಿರಿ.